ತೊಳೆದ ನೀರು ಯಾವ ಚರಂಡಿಗೆ? ಒಂದು ಪಾರ್ಕಿಂಗ್ ಕಟ್ಟಡದ ಪ್ರಕರಣ

ಅಮೆರಿಕದ ಪಶ್ಚಿಮ ಕರಾವಳಿಯ ನಗರವೊಂದರಲ್ಲಿ ಕಚೇರಿ ಸಮುಚ್ಚಯಕ್ಕೆ ಸೇರಿದ ಮೂರು ಹಂತಗಳ ಪಾರ್ಕಿಂಗ್ ಕಟ್ಟಡವಿದೆ. ಕೆಳಗಿನ ಎರಡು ಹಂತಗಳಿಗೆ ಸೂರು ಇದೆ. ಮೂರನೆಯದು ಬಯಲು ತಾರಸಿ. ಮಳೆಗಾಲ ಶುರುವಾಗುವ ಮೊದಲು ಮೂರನ್ನೂ ತೊಳೆಸಬೇಕೆಂದು ಮಾಲೀಕರು ಪ್ರೆಶರ್ ವಾಷಿಂಗ್ (ಒತ್ತಡದ ನೀರಿನಿಂದ ತೊಳೆಯುವ) ಗುತ್ತಿಗೆದಾರರಿಂದ ದರಪಟ್ಟಿ ತರಿಸಿದರು. ಎರಡು ಬಂದವು. ಸೂರಿನ ಕೆಳಗಿನ ಎರಡು ಹಂತಗಳಿಗೆ ಇಬ್ಬರೂ ಹೇಳಿದ ದರ ಹೆಚ್ಚುಕಡಿಮೆ ಒಂದೇ. ತಾರಸಿಯ ವಿಷಯದಲ್ಲಿ ಮಾತ್ರ ಒಬ್ಬರ ದರ ಇನ್ನೊಬ್ಬರದಕ್ಕಿಂತ ನಾಲ್ಕು ಪಟ್ಟು ಹೆಚ್ಚು. ಅಗ್ಗದ ಪಟ್ಟಿಯಲ್ಲಿ ಯಂತ್ರದ ಸಾಮರ್ಥ್ಯ, ಮಾರ್ಜಕದ ಗುಣ, ಕೆಲಸದ ಅವಧಿ ಎಲ್ಲವೂ ಇದ್ದವು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಈ ಊರಿನಲ್ಲಿ ಚರಂಡಿ ಎರಡು ಬಗೆ: ಮಳೆನೀರಿನ ಚರಂಡಿ ಶುದ್ಧೀಕರಣವಿಲ್ಲದೆ ನೇರ ಹಳ್ಳಕ್ಕೆ ಸೇರುತ್ತದೆ, ಕೊಳಚೆಯ ಒಳಚರಂಡಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ.

ಓದುಗರಿಗೆ ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಇದು ಯಾವುದೋ ಒಂದು ಕಡತದ ನಕಲಲ್ಲ. ಈ ವೃತ್ತಿಯಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಂದೇ ಕಟ್ಟಡದ ಮೇಲೆ ಕೂಡಿಸಿ ಬರೆದ ಪ್ರಕರಣ. ಕಾನೂನಿನ ಅಂಶಗಳೂ ಅದರ ಮಿತಿಗಳೂ ಇದ್ದಂತೆಯೇ ಇವೆ. ಕಟ್ಟಡದ ಅಳತೆ, ಕೂಲಿ, ಶುಲ್ಕ, ಲಾರಿಯ ಬಾಡಿಗೆ ಇವೆಲ್ಲ ಲೆಕ್ಕಕ್ಕೆಂದು ಇಟ್ಟುಕೊಂಡ ಮೊತ್ತಗಳು. ನಿಮ್ಮ ನಗರದ ದರ ಹಾಕಿಕೊಂಡರೆ ಮೊತ್ತ ಬದಲಾಗಬಹುದು, ಆದರೆ ಯಾವ ಬಾಬತ್ತು ದೊಡ್ಡದು, ಯಾವುದು ಚಿಕ್ಕದು ಎಂಬ ಕ್ರಮ ಸುಲಭಕ್ಕೆ ಬದಲಾಗುವುದಿಲ್ಲ.

ನೀರಿನ ಲೆಕ್ಕ

ಪ್ರತಿ ಹಂತದ ವಿಸ್ತೀರ್ಣ 30,000 ಚದರ ಅಡಿ. ಯಂತ್ರ ನಿಮಿಷಕ್ಕೆ 8 ಗ್ಯಾಲನ್, ಅಂದರೆ ಸುಮಾರು 30 ಲೀಟರ್ ಬಿಸಿನೀರು ಹೊಡೆಯುತ್ತದೆ. ಒಬ್ಬ ನುರಿತ ಕೆಲಸಗಾರ ನೆಲದ ಮೇಲೆ ತಿರುಗುತ್ತ ನೀರು ಹೊಡೆಯುವ ಬಟ್ಟಲಿನಾಕಾರದ ಉಪಕರಣ ಹಿಡಿದು ಗಂಟೆಗೆ 3,000 ಚದರ ಅಡಿ ಮುಗಿಸುತ್ತಾನೆ ಎಂದುಕೊಳ್ಳೋಣ. ಪೈಪು ಎಳೆಯುವುದು, ಜಾಗ ಬದಲಿಸುವುದು, ಇಂಧನ ತುಂಬುವುದು ಇದರಲ್ಲೇ ಗಂಟೆಯ ಕಾಲುಭಾಗ ಕಳೆಯುತ್ತದೆ. ನೀರು ಹರಿಯುವುದು ಉಳಿದ ಮುಕ್ಕಾಲು ಗಂಟೆ ಮಾತ್ರ. ಹೀಗೆ ಗಂಟೆಗೆ 360 ಗ್ಯಾಲನ್, ಒಂದು ಹಂತಕ್ಕೆ ಹತ್ತು ಗಂಟೆ, ಒಟ್ಟು 3,600 ಗ್ಯಾಲನ್. ಇದು 13,600 ಲೀಟರಿಗೆ ಸಮ.

ಇಷ್ಟು ನೀರನ್ನು ಆ ತಾರಸಿಯ ಮೇಲೆ ಸಮನಾಗಿ ಹರಡಿದರೆ ಐದು ಮಿಲಿಮೀಟರ್ ಎತ್ತರ ನಿಲ್ಲುತ್ತದೆ. ಒಂದು ಸಣ್ಣ ಮಳೆಯಷ್ಟೇ. ಗುತ್ತಿಗೆದಾರರು ಇದನ್ನೇ ಮುಂದೊಡ್ಡಿ, "ಮಳೆ ಬಂದರೂ ಇದೇ ಕೊಳೆ ಇದೇ ಚರಂಡಿಗೆ ಹೋಗುತ್ತದಲ್ಲ" ಎಂದು ವಾದಿಸುವುದುಂಟು. ಮೇಲುನೋಟಕ್ಕೆ ಸರಿಯೆನಿಸುವ ಮಾತು, ಆದರೆ ಸರಿಯಲ್ಲ. ಮಳೆ ಬಂದಾಗ ಇಡೀ ಊರಿನ ನೀರು ಹಳ್ಳಕ್ಕೆ ಸೇರಿ ಹರಿವು ಏರಿರುತ್ತದೆ. ತೊಳೆಯುವ ಕೆಲಸ ನಡೆಯುವುದು ಒಣಗಾಲದಲ್ಲಿ, ಹಳ್ಳದಲ್ಲಿ ಬೆರಳುದ್ದದ ನೀರು ಹರಿಯುವಾಗ. ಆಗ ಬರುವ ಈ ನೀರಿಗೆ ಬೆರೆಯಲು ಬೇರೆ ನೀರಿಲ್ಲ. ಮಳೆ ಬರೀ ಮೇಲಿನ ಧೂಳನ್ನು ಒಯ್ಯುತ್ತದೆ. ಒತ್ತಡದ ಬಿಸಿನೀರು ಕಾಂಕ್ರೀಟಿನ ರಂಧ್ರಗಳಲ್ಲಿ ವರ್ಷಗಟ್ಟಲೆ ಇಂಗಿದ್ದ ಎಣ್ಣೆಯನ್ನು ಕಿತ್ತು ತರುತ್ತದೆ. ಮಳೆಯಲ್ಲಿ ಮಾರ್ಜಕವೂ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ

ಅಮೆರಿಕದ ಸ್ವಚ್ಛ ಜಲ ಕಾಯಿದೆ ಈಗಿನ ರೂಪ ಪಡೆದದ್ದು 1972ರಲ್ಲಿ. ಪರವಾನಗಿ ಇಲ್ಲದೆ ಯಾವುದೇ ಮಾಲಿನ್ಯವನ್ನು ಕೊಳವೆ, ಕಾಲುವೆ ಮುಂತಾದ ನಿಶ್ಚಿತ ಮೂಲದಿಂದ ದೇಶದ ಜಲಮೂಲಗಳಿಗೆ ಬಿಡಬಾರದು ಎಂಬುದು ಅದರ ಬುನಾದಿ. 1987ರ ತಿದ್ದುಪಡಿಯಲ್ಲಿ ನಗರಗಳ ಮಳೆನೀರಿನ ಚರಂಡಿಗಳೂ ಈ ಪರವಾನಗಿಯ ವ್ಯಾಪ್ತಿಗೆ ಬಂದವು. 1990ರ ನಿಯಮಗಳು ಒಂದು ಲಕ್ಷಕ್ಕಿಂತ ಹೆಚ್ಚು ಜನರಿಗೆ ಸೇವೆ ಕೊಡುವ ಚರಂಡಿ ಜಾಲಗಳನ್ನೂ 1999ರ ನಿಯಮಗಳು ಸಣ್ಣ ಪಟ್ಟಣಗಳನ್ನೂ ಒಳಗೊಂಡವು. ಪರವಾನಗಿ ನಗರದ ಹೆಸರಿನಲ್ಲಿರುತ್ತದೆ, ಷರತ್ತೂ ನಗರದ ಮೇಲಿರುತ್ತದೆ: ಮಳೆನೀರಲ್ಲದ ನೀರು ಮಳೆನೀರಿನ ಚರಂಡಿಗೆ ಸೇರದಂತೆ ನೋಡಿಕೊಳ್ಳಬೇಕು. ಹೀಗಾಗಿ ಗುತ್ತಿಗೆದಾರನ ಬಾಗಿಲು ಮೊದಲು ತಟ್ಟುವುದು ಕೇಂದ್ರದ ಅಧಿಕಾರಿಯಲ್ಲ, ನಗರದ ತಪಾಸಕ. ಅವನ ಕೈಯಲ್ಲಿರುವುದು ಸ್ಥಳೀಯ ಉಪನಿಯಮ.

ವಾದಕ್ಕೆ ಎಡೆಮಾಡುವ ಒಂದು ಎಳೆ ಇಲ್ಲಿದೆ. ಮಳೆನೀರಲ್ಲದಿದ್ದರೂ ಸಾಮಾನ್ಯವಾಗಿ ತಡೆಯಬೇಕಾಗಿಲ್ಲದ ಕೆಲವು ನೀರುಗಳ ಪಟ್ಟಿ ಕೇಂದ್ರ ನಿಯಮಗಳಲ್ಲಿದೆ. ತೋಟಕ್ಕೆ ಬಿಟ್ಟ ನೀರು, ಮನೆಯವರು ತಮ್ಮ ಕಾರು ತೊಳೆದ ನೀರು, ಕ್ಲೋರಿನ್ ತೆಗೆದ ಈಜುಕೊಳದ ನೀರು ಇವುಗಳ ಜೊತೆಗೆ ಬೀದಿ ತೊಳೆದ ನೀರಿನ ಹೆಸರೂ ಆ ಪಟ್ಟಿಯಲ್ಲಿದೆ. ಅಗ್ಗದ ದರ ಹೇಳಿದ ಗುತ್ತಿಗೆದಾರರು ಹಿಡಿದುಕೊಂಡದ್ದು ಇದನ್ನೇ. ಆದರೆ ಆ ವಿನಾಯಿತಿಗೆ ಒಂದು ಬಾಲವಿದೆ: ನಗರ ಆ ನೀರನ್ನು ಮಾಲಿನ್ಯದ ಮೂಲವೆಂದು ಗುರುತಿಸಿದರೆ ವಿನಾಯಿತಿ ಅನ್ವಯಿಸುವುದಿಲ್ಲ. ಖಾಸಗಿ ಪಾರ್ಕಿಂಗ್ ತಾರಸಿ ಬೀದಿಯಾಗುವುದು ಹೇಗೆ ಎಂಬ ಪ್ರಶ್ನೆಯೂ ಉಳಿಯುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ. ಕೇಂದ್ರ ನಿಯಮದ ಒಂದು ಪದಕ್ಕೆ ಜೋತುಬಿದ್ದು ದರ ಬರೆಯುವ ಬದಲು ನಗರದ ಮಳೆನೀರು ವಿಭಾಗಕ್ಕೆ ಒಂದು ಇಮೇಲ್ ಕಳುಹಿಸಿ, ಬಂದ ಉತ್ತರವನ್ನು ಕಡತದಲ್ಲಿಡಬೇಕು. ಈ ನಗರದ ಉತ್ತರ ಎರಡೇ ಸಾಲಿನದು: ಪಾರ್ಕಿಂಗ್ ಕಟ್ಟಡದ ತೊಳೆನೀರು, ಮಾರ್ಜಕ ಇರಲಿ ಬಿಡಲಿ, ಮಳೆನೀರಿನ ಚರಂಡಿಗೆ ಹೋಗುವಂತಿಲ್ಲ.

ಬರಿಯ ನಲ್ಲಿ ನೀರನ್ನೇ ಬಳಸಿದರೆ ಆಗದೇ ಎಂದು ಕೇಳುವವರಿಗೆ ಒಂದು ಲೆಕ್ಕ ಕೊಡಬಹುದು. ಸಿಹಿನೀರಿನ ಜಲಚರಗಳ ರಕ್ಷಣೆಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಕ್ಲೋರಿನ್ನಿಗೆ ಗೊತ್ತುಪಡಿಸಿರುವ ಅಲ್ಪಾವಧಿಯ ಮಿತಿ ಲೀಟರಿಗೆ 19 ಮೈಕ್ರೋಗ್ರಾಂ. ಕುಡಿಯುವ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂವರೆಗೆ ಕ್ಲೋರಿನ್ ಉಳಿಯಲು ಅವಕಾಶವಿದೆ. ನಲ್ಲಿಯಲ್ಲಿ 1 ಮಿಲಿಗ್ರಾಂ ಮಾತ್ರ ಇದ್ದರೂ ಅದು ಮೀನಿನ ಮಿತಿಯ ಐವತ್ತು ಪಟ್ಟು. ಮನುಷ್ಯ ಕುಡಿಯುವ ನೀರು ಮೀನಿಗೆ ವಿಷವಾಗಬಲ್ಲದು.

ಒಳಚರಂಡಿಗೆ ಬಿಡುವುದಾದರೆ ಬೇರೆ ನಿಯಮಗಳಿವೆ. ಶುದ್ಧೀಕರಣ ಘಟಕಕ್ಕೆ ಹೋಗುವ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 5ಕ್ಕಿಂತ ಕಡಿಮೆ ಇರಬಾರದು. ಹರಿವಿಗೆ ಅಡ್ಡಿಯಾಗುವಷ್ಟು ಘನವಸ್ತು ಇರಬಾರದು. ಘಟಕಕ್ಕೆ ತೊಂದರೆ ಕೊಡುವಷ್ಟು ಪೆಟ್ರೋಲಿಯಂ ಎಣ್ಣೆ ಇರಬಾರದು. ಇವು ದೇಶಕ್ಕೆಲ್ಲ ಒಂದೇ. ಎಣ್ಣೆ, ತಾಮ್ರ, ಸತುವು, ಪಿಎಚ್‌ನ ಮೇಲ್ಮಿತಿ ಇವನ್ನು ಆಯಾ ಘಟಕ ತಾನೇ ನಿಗದಿಪಡಿಸುತ್ತದೆ. ಲಾರಿಯಲ್ಲಿ ತಂದ ತ್ಯಾಜ್ಯವನ್ನು ಘಟಕ ತೋರಿಸಿದ ಜಾಗದಲ್ಲಿ ಮಾತ್ರ ಸುರಿಯಬೇಕು ಎಂಬ ಇನ್ನೊಂದು ನಿಯಮವನ್ನು ಗುತ್ತಿಗೆದಾರರು ಬಹಳ ಸಲ ಮರೆಯುತ್ತಾರೆ. ಟ್ಯಾಂಕಿನಲ್ಲಿ ನೀರು ತುಂಬಿಸಿಕೊಂಡು ಹೋಗಿ ತಮ್ಮ ಗೋದಾಮಿನ ಹಿಂದಿನ ಮ್ಯಾನ್‌ಹೋಲಿಗೆ ಬಿಟ್ಟರೆ ಅದು ಒಳಚರಂಡಿಯೇ ಆದರೂ ಉಲ್ಲಂಘನೆಯೇ.

ದಂಡದ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1987ರ ತಿದ್ದುಪಡಿಯ ನಂತರ ಕಾಯಿದೆಯ ಪಠ್ಯದಲ್ಲಿ ಸಿವಿಲ್ ದಂಡ ದಿನಕ್ಕೆ, ಪ್ರತಿ ಉಲ್ಲಂಘನೆಗೆ ಗರಿಷ್ಠ 25,000 ಡಾಲರ್. ಹಣದುಬ್ಬರಕ್ಕೆ ಹೊಂದಿಸುತ್ತ ಬಂದು ಈಗ ಅದು 60,000 ಡಾಲರ್ ದಾಟಿದೆ. ಸಿವಿಲ್ ದಂಡಕ್ಕೆ ಉದ್ದೇಶ ಸಾಬೀತಾಗಬೇಕಾಗಿಲ್ಲ. ನೀರು ಹೋಗಿದ್ದರೆ ಸಾಕು. ಸಣ್ಣ ಗುತ್ತಿಗೆದಾರನಿಗೆ ಆ ಗರಿಷ್ಠ ಮೊತ್ತ ಬೀಳುವುದು ಅಪರೂಪ, ನಗರದ ನೋಟಿಸು ಮತ್ತು ಚರಂಡಿ ಸ್ವಚ್ಛಗೊಳಿಸಿದ ಬಿಲ್ಲು ಬರುವುದು ಸಾಮಾನ್ಯ. ಎರಡರಲ್ಲೂ ಕಟ್ಟಡದ ಮಾಲೀಕರ ಹೆಸರೂ ಸೇರಬಹುದು. ಮಾಲೀಕರು ಅಗ್ಗದ ಪಟ್ಟಿಯನ್ನು ಕೆಳಗಿಟ್ಟು ಎರಡನೆಯದನ್ನು ಓದಲು ಶುರುಮಾಡಿದ್ದು ಈ ಮಾತು ಕೇಳಿದ ಮೇಲೆ.

ಹಸಿರು ಬಣ್ಣದ ಪರೀಕ್ಷೆ

ಕಟ್ಟಡದ ನಕ್ಷೆಯ ಪ್ರಕಾರ ಕೆಳಗಿನ ಎರಡೂ ಹಂತಗಳಲ್ಲಿ ನೆಲದ ನೀರು ಇಳಿಯುವ ಜಾಲರಿಗಳು ಮರಳು ಮತ್ತು ಎಣ್ಣೆ ಹಿಡಿಯುವ ತಡೆತೊಟ್ಟಿಯ ಮೂಲಕ ಒಳಚರಂಡಿಗೆ ಸೇರುತ್ತವೆ. ತಾರಸಿಯ ಜಾಲರಿಗಳು ಮಳೆನೀರಿನ ಚರಂಡಿಗೆ. ಅಮೆರಿಕದ ಪಾರ್ಕಿಂಗ್ ಕಟ್ಟಡಗಳಲ್ಲಿ ಇದು ಸಾಮಾನ್ಯ ವ್ಯವಸ್ಥೆ. ಸೂರಿನ ಕೆಳಗೆ ಮಳೆ ಬೀಳುವುದಿಲ್ಲ, ಅಲ್ಲಿ ಕಾರುಗಳಿಂದ ಸುರಿದದ್ದೇ ಇರುತ್ತದೆ. ತಾರಸಿಯ ಮಳೆಯನ್ನೆಲ್ಲ ಒಳಚರಂಡಿಗೆ ಬಿಟ್ಟರೆ ಘಟಕ ತಡೆಯಲಾರದು. ಹಾಗಾಗಿ ಒಂದೇ ಕಟ್ಟಡದ ಎರಡು ಜಾಲರಿಗಳ ನೀರು ಊರಿನ ಎರಡು ದಿಕ್ಕಿಗೆ ಹೋಗುತ್ತದೆ.

ಎರಡನೆಯ ಗುತ್ತಿಗೆದಾರರು ನಕ್ಷೆಯನ್ನು ನಂಬಿ ಕೂರಲಿಲ್ಲ. ನಗರಕ್ಕೆ ಮುಂಚಿತವಾಗಿ ತಿಳಿಸಿ, ಒಪ್ಪಿತ ಪತ್ತೆಬಣ್ಣವನ್ನು ಚಿಟಿಕೆಯಷ್ಟು ತಂದರು. ಒಬ್ಬ ಕೆಲಸಗಾರ ತಡೆತೊಟ್ಟಿಯ ಮುಚ್ಚಳ ತೆಗೆದು ಟಾರ್ಚ್ ಹಿಡಿದು ನಿಂತ. ಇನ್ನೊಬ್ಬ ಬೀದಿಯ ಮಳೆನೀರಿನ ಮ್ಯಾನ್‌ಹೋಲಿನ ಬಳಿ. ಮೂರನೆಯವನು ಜಾಲರಿಯಿಂದ ಜಾಲರಿಗೆ ಹೋಗುತ್ತ, ಬಕೆಟ್ಟಿನಲ್ಲಿ ಬಣ್ಣ ಕಲಸಿದ ನೀರನ್ನು ನಿಧಾನವಾಗಿ ಇಳಿಸಿದ. ಕೆಳಹಂತದ ಜಾಲರಿಗಳ ನೀರು ಒಂದೊಂದಾಗಿ ತಡೆತೊಟ್ಟಿಯಲ್ಲಿ ಹಸಿರಾಗಿ ಕಾಣಿಸಿಕೊಂಡಿತು. ಎರಡನೆಯ ಹಂತದಲ್ಲಿ, ತಾರಸಿಗೆ ಏರುವ ಇಳಿಜಾರಿನ ಬುಡದಲ್ಲಿರುವ ಜಾಲರಿಯ ಸರದಿ ಬಂದಾಗ ತೊಟ್ಟಿಯಲ್ಲಿ ಏನೂ ಬರಲಿಲ್ಲ. ಬೀದಿಯ ಬಳಿ ನಿಂತವನೇ ಕೂಗಿ ಹೇಳಿದ. ತಾರಸಿಯಿಂದ ಇಳಿಜಾರಿನಲ್ಲಿ ಹರಿದು ಬರುವ ಮಳೆನೀರಿಗಾಗಿ ಯಾರೋ ಆ ಒಂದು ಜಾಲರಿಯನ್ನು ಮಳೆನೀರಿನ ಕೊಳವೆಗೆ ಜೋಡಿಸಿದ್ದರು, ನಕ್ಷೆಯಲ್ಲಿ ಅದನ್ನು ದಾಖಲಿಸಿರಲಿಲ್ಲ.

ಈ ಪರೀಕ್ಷೆಗೆ ತಗುಲಿದ್ದು ಮೂವರ ಅರ್ಧ ಬೆಳಗು. ಇದನ್ನು ಮಾಡದೆ ಕೆಲಸ ಶುರುಮಾಡಿದ್ದರೆ ಎರಡನೆಯ ಹಂತದ ನೀರಿನ ಒಂದು ಪಾಲು ಯಾರಿಗೂ ಗೊತ್ತಾಗದಂತೆ ಹಳ್ಳಕ್ಕೆ ಸೇರುತ್ತಿತ್ತು. ಅದೂ ಎಲ್ಲ ಸರಿಯಾಗಿ ಮಾಡಿದ್ದೇವೆ ಎಂದು ನಂಬಿದ್ದ ಗುತ್ತಿಗೆದಾರರ ಕೈಯಿಂದಲೇ. ದರಪಟ್ಟಿಯಲ್ಲಿ ಯಾವ ಬಾಬತ್ತನ್ನು ಕತ್ತರಿಸಿದರೂ ಇದನ್ನು ಕತ್ತರಿಸಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಮಾರ್ಜಕವೂ ತಡೆತೊಟ್ಟಿಯೂ

ಪಾರ್ಕಿಂಗ್ ನೆಲದ ನೀರಿನಲ್ಲಿ ಇರುವುದು ಇಂಜಿನ್ ಎಣ್ಣೆ, ಬ್ರೇಕಿನಿಂದ ಉದುರಿದ ತಾಮ್ರ, ಟೈರಿನ ಸತುವು ಮತ್ತು ರಬ್ಬರ್ ಪುಡಿ. ಕ್ಯಾಲಿಫೋರ್ನಿಯಾ 2010ರಲ್ಲೇ ಬ್ರೇಕ್ ಪ್ಯಾಡುಗಳ ತಾಮ್ರವನ್ನು ಹಂತಹಂತವಾಗಿ ತಗ್ಗಿಸುವ ಕಾಯಿದೆ ತಂದದ್ದು ನಗರದ ಹಳ್ಳಗಳಲ್ಲಿ ತಾಮ್ರ ಏರುತ್ತಿದೆ ಎಂಬ ಕಾರಣಕ್ಕೆ. ಟೈರಿನ ರಬ್ಬರ್ ಓಜೋನಿಗೆ ಬಿರುಕು ಬಿಡದಂತೆ ಬೆರೆಸುವ ಒಂದು ರಾಸಾಯನಿಕ ಗಾಳಿಯಲ್ಲಿ ಬದಲಾಗಿ, ಕೋಹೋ ಸಾಲ್ಮನ್ ಮೀನನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲುವ ವಿಷವಾಗುತ್ತದೆ ಎಂದು ವಾಷಿಂಗ್ಟನ್ ರಾಜ್ಯದ ಸಂಶೋಧಕರು 2020ರ ಕೊನೆಯಲ್ಲಿ ಪ್ರಕಟಿಸಿದರು. ಮಳೆ ಬಂದಾಗಲೆಲ್ಲ ಹಳ್ಳಗಳಲ್ಲಿ ಮೀನು ಸಾಯುವುದೇಕೆಂದು ಅಲ್ಲಿಯವರು ಅದಕ್ಕೂ ಮೊದಲು ವರ್ಷಗಟ್ಟಲೆ ಹುಡುಕಿದ್ದರು. ಈ ಪುಡಿಯೆಲ್ಲ ಗುಡ್ಡೆಯಾಗಿ ಕೂರುವ ಜಾಗಗಳಲ್ಲಿ ಪಾರ್ಕಿಂಗ್ ನೆಲವೂ ಒಂದು.

ಗುತ್ತಿಗೆದಾರರು ಎಡವುವ ಜಾಗ ಮಾರ್ಜಕದ ಆಯ್ಕೆ. ತಡೆತೊಟ್ಟಿ ಕೆಲಸ ಮಾಡುವುದು ಎಣ್ಣೆ ನೀರಿಗಿಂತ ಹಗುರ, ಸ್ವಲ್ಪ ಹೊತ್ತು ಕೊಟ್ಟರೆ ಮೇಲೆ ತೇಲುತ್ತದೆ ಎಂಬ ಒಂದೇ ಆಧಾರದ ಮೇಲೆ. ಮಾರ್ಜಕದ ಕೆಲಸ ಇದಕ್ಕೆ ನೇರ ವಿರುದ್ಧ: ಅದು ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲೇ ಹಿಡಿದಿಡುತ್ತದೆ. ಪ್ರಬಲ ಮಾರ್ಜಕ ಹಾಕಿ ತೊಳೆದ ನೀರು ಹಾಲುಬಣ್ಣಕ್ಕೆ ತಿರುಗಿ, ತೊಟ್ಟಿಯನ್ನು ದಾಟಿ, ಎಣ್ಣೆಯನ್ನು ಹೊತ್ತುಕೊಂಡೇ ಒಳಚರಂಡಿಗೆ ಹೋಗುತ್ತದೆ. ತೊಟ್ಟಿಯಲ್ಲಿ ಮೊದಲೇ ಹಿಡಿದಿಟ್ಟಿದ್ದ ಎಣ್ಣೆಯನ್ನೂ ಕರಗಿಸಿ ಒಯ್ಯಬಹುದು. ತೊಟ್ಟಿ ಇದೆ ಎಂಬ ಧೈರ್ಯದಲ್ಲಿ ಧಾರಾಳವಾಗಿ ಸುರಿದವರೇ ಘಟಕದ ಎಣ್ಣೆ ಮಿತಿಯನ್ನು ಮೀರುವುದು ಇದರಿಂದ.

ಆದ್ದರಿಂದ ಇಲ್ಲಿ ಹೀಗೆ ತೀರ್ಮಾನವಾಯಿತು. ಮೊದಲು ಒಣಕೆಲಸ: ಎಣ್ಣೆಯ ಕಲೆಗಳ ಮೇಲೆ ಹೀರುಪುಡಿ ಹರಡಿ, ಉಜ್ಜಿ, ಗುಡಿಸಿ ತೆಗೆಯುವುದು. ಆಮೇಲೆ ಮಾರ್ಜಕವಿಲ್ಲದ ಬಿಸಿನೀರು. ಅದಕ್ಕೂ ಜಗ್ಗದ ಕಲೆಗಳಿಗೆ ಮಾತ್ರ, ಎಣ್ಣೆಯನ್ನು ಬೇಗ ಬಿಟ್ಟುಕೊಡುವ ಬಗೆಯ ಮಾರ್ಜಕವನ್ನು ಬ್ರಷ್ಷಿನಲ್ಲಿ ಹಚ್ಚುವುದು. ಕಾಸ್ಟಿಕ್ ಸೋಡಾ ಆಧಾರಿತ ಗಡುಸು ದ್ರಾವಣವನ್ನು ಪಟ್ಟಿಯಿಂದಲೇ ತೆಗೆದರು. ಅಂಥ ದ್ರಾವಣ ಉಳಿದು, ಅದರ ಪಿಎಚ್ 12.5 ಅಥವಾ ಹೆಚ್ಚು ಇದ್ದರೆ ಕೇಂದ್ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಅದರ ವಿಲೇವಾರಿಯ ದಾರಿಯೇ ಬೇರೆ.

ಖರ್ಚು ಎಲ್ಲಿದೆ

ತಾರಸಿಯ 3,600 ಗ್ಯಾಲನ್‌ನಲ್ಲಿ ಕೈಗೆ ಸಿಗುವುದು 3,000. ಉಳಿದದ್ದು ಆವಿಯಾಗಿ, ಕಾಂಕ್ರೀಟಿನಲ್ಲಿ ಇಂಗಿ, ತೆಳುಪದರವಾಗಿ ಹೋಗುತ್ತದೆ. ಒಬ್ಬ ಕೆಲಸಗಾರನ ಗಂಟೆಗೆ ಎಲ್ಲ ಸೇರಿ 50 ಡಾಲರ್ ಎಂದಿಟ್ಟುಕೊಳ್ಳೋಣ.

ನೀರನ್ನು ಹಿಡಿಯದೆ ತೊಳೆದರೆ ಹತ್ತು ಗಂಟೆ, 500 ಡಾಲರ್. ಅಗ್ಗದ ಪಟ್ಟಿಯ ತಾರಸಿ ದರ ಇದೇ.

ಇಡೀ ತಾರಸಿ ತೊಳೆದು, ನೀರನ್ನೆಲ್ಲ ಹೀರಿ, ಸೋಸಿ ಕೆಳಗಿನ ತಡೆತೊಟ್ಟಿಗೆ ಬಿಡುವುದಾದರೆ ಕೆಲಸ ನಿಧಾನವಾಗುತ್ತದೆ. ಜಾಲರಿಗಳನ್ನು ಮುಚ್ಚಬೇಕು, ಒಡ್ಡು ಹಾಕಬೇಕು, ಹಿಂದೆ ಹಿಂದೆ ಒಬ್ಬ ಹೀರುಯಂತ್ರ ಹಿಡಿದು ಬರಬೇಕು. ಹತ್ತು ಗಂಟೆಯ ಕೆಲಸ ಹದಿನಾಲ್ಕಾಗಿ, ಇಬ್ಬರು ಬೇಕಾಗಿ, ಕೂಲಿ 1,400 ಡಾಲರ್. ಒಳಚರಂಡಿ ಮಂಡಳಿಯ ಒಂದು ಬಾರಿಯ ಅನುಮತಿಗೆ 150. ಸೋಸು ಚೀಲ, ಎಣ್ಣೆ ಹೀರುವ ಸುರುಳಿ, ಮುಚ್ಚಳಗಳ ಸವೆತಕ್ಕೆ 120. ತಳದಲ್ಲಿ ಉಳಿಯುವ ಕೆಸರಿನ ಪ್ರಯೋಗಾಲಯ ಪರೀಕ್ಷೆ 250, ಅದರ ಒಂದು ಡ್ರಮ್ಮಿನ ವಿಲೇವಾರಿ 300. ಸಾವಿರ ಗ್ಯಾಲನ್‌ಗೆ 12 ಡಾಲರಿನಂತೆ ಒಳಚರಂಡಿ ಶುಲ್ಕ 36. ಒಟ್ಟು 2,256 ಡಾಲರ್.

ಆ 36ನ್ನು ಇನ್ನೊಮ್ಮೆ ನೋಡಿ. "ತ್ಯಾಜ್ಯನೀರಿನ ವಿಲೇವಾರಿ ದುಬಾರಿ" ಎಂದು ಎಲ್ಲರೂ ಹೇಳುವಾಗ ಮನಸ್ಸಿನಲ್ಲಿರುವುದು ನೀರು ಬಿಡುವ ಶುಲ್ಕ. ಅದು ಒಟ್ಟು ಖರ್ಚಿನ ನೂರಕ್ಕೆ ಎರಡು ಪಾಲೂ ಇಲ್ಲ. ನೀರನ್ನು ಬಿಡುವುದು ಅಗ್ಗ, ಹಿಡಿಯುವುದು ದುಬಾರಿ. ದರ ತಗ್ಗಿಸಬೇಕಾದರೆ ಶುಲ್ಕದ ಬಗ್ಗೆ ಮಂಡಳಿಯ ಜೊತೆ ಚೌಕಾಸಿ ಮಾಡಿ ಪ್ರಯೋಜನವಿಲ್ಲ. ಹಿಡಿಯಬೇಕಾದ ನೀರನ್ನೇ ಕಡಿಮೆ ಮಾಡಬೇಕು.

ಸಕ್ಕಿಂಗ್ ಲಾರಿ ಕರೆಸಿ ಹೊರಗೆ ಸಾಗಿಸುವ ದಾರಿಯನ್ನೂ ಲೆಕ್ಕ ಹಾಕಿದರು. ಹಿಡಿಯುವ ಕೂಲಿ ಅದೇ 1,400, ಸಾಮಗ್ರಿ 120. ಲಾರಿಗೆ ಆರು ಗಂಟೆ, ಗಂಟೆಗೆ 140ರಂತೆ 840. ಸಂಸ್ಕರಣಾ ಕೇಂದ್ರಕ್ಕೆ ಗ್ಯಾಲನ್‌ಗೆ 45 ಸೆಂಟಿನಂತೆ 1,350. ಒಟ್ಟು 3,710. ಒಳಚರಂಡಿ ಮಂಡಳಿ ಅನುಮತಿ ನಿರಾಕರಿಸಿದರೆ, ಅಥವಾ ನೀರಿನಲ್ಲಿ ಮಿತಿ ಮೀರಿದ ಲೋಹ ಇದ್ದರೆ ಬೇರೆ ದಾರಿಯಿಲ್ಲ. ಇಲ್ಲಿ ಆ ಸ್ಥಿತಿ ಇರಲಿಲ್ಲ.

ಉಳಿದದ್ದು ಮೂರನೆಯ ದಾರಿ: ತಾರಸಿಯನ್ನು ಗುಡಿಸುವ ಯಂತ್ರದಿಂದ ಚೆನ್ನಾಗಿ ಗುಡಿಸಿ, ಎಣ್ಣೆ ಬಿದ್ದ ಜಾಗಗಳನ್ನು ಮಾತ್ರ ತೊಳೆಯುವುದು. ಗುಡಿಸಲು ನಾಲ್ಕು ಗಂಟೆ, 200 ಡಾಲರ್. ಜಾಲರಿ ಮುಚ್ಚಿ ಒಡ್ಡು ಹಾಕಲು ಇಬ್ಬರಿಗೆ ಎರಡು ಗಂಟೆ, 200. ಕಲೆಗಳನ್ನು ತೊಳೆಯಲು ಇಬ್ಬರಿಗೆ ನಾಲ್ಕು ಗಂಟೆ, 400. ಇದರಲ್ಲಿ ನೀರು ಹರಿಯುವುದು ಅರ್ಧ ಹೊತ್ತು ಮಾತ್ರ, ಒಟ್ಟು 960 ಗ್ಯಾಲನ್, ಸಿಗುವುದು 800. ಅನುಮತಿ, ಸಾಮಗ್ರಿ, ಕೆಸರಿನ ಖರ್ಚು ಹಿಂದಿನಂತೆಯೇ 820. ಒಳಚರಂಡಿ ಶುಲ್ಕ ಹತ್ತು ಡಾಲರಿನೊಳಗೆ. ಒಟ್ಟು ಸುಮಾರು 1,630.

ಇದು ಎರಡನೆಯ ಗುತ್ತಿಗೆದಾರರ ಪರಿಷ್ಕೃತ ದರ. ಅವರ ಮೊದಲ ಪಟ್ಟಿಯಲ್ಲಿದ್ದದ್ದು 2,256ರ ದಾರಿ. ಮಾಲೀಕರು ಇದೇ ಷರತ್ತುಗಳನ್ನು ಬರೆದು ಅಗ್ಗದ ದರದವರಿಗೂ ಕಳುಹಿಸಿದಾಗ ಅವರ ಹೊಸ ದರವೂ ಇದರ ಆಸುಪಾಸಿಗೇ ಬಂದು ನಿಂತಿತು. ನಾಲ್ಕು ಪಟ್ಟಿನ ಅಂತರ ಇದ್ದದ್ದು ಕೌಶಲದ್ದಲ್ಲ, ಯಂತ್ರದ್ದೂ ಅಲ್ಲ. ಒಬ್ಬರು ಲೆಕ್ಕಕ್ಕೆ ಹಿಡಿದ, ಇನ್ನೊಬ್ಬರು ಹಳ್ಳದ ಮೇಲೆ ಹೊರಿಸಿದ ಖರ್ಚು ಅದು. ನೀರನ್ನು ನಿಯತ್ತಿನಿಂದ ಹಿಡಿಯುವ ಗುತ್ತಿಗೆದಾರರು ಕೆಲಸ ಕಳೆದುಕೊಳ್ಳುತ್ತಿರುವುದು ಇಂಥ ಪಟ್ಟಿಗಳ ಎದುರಿಗೆ. ಕೇಳಬೇಕಾದದ್ದನ್ನು ಮಾಲೀಕರು ಮೊದಲೇ ಬರೆದು ಕೇಳಿದ್ದರೆ ಇಬ್ಬರೂ ಸಮಾನ ನೆಲದ ಮೇಲೆ ಸ್ಪರ್ಧಿಸುತ್ತಿದ್ದರು.

ಮೂರನೆಯ ದಾರಿಗೂ ಒಂದು ಕೊರತೆಯಿದೆ, ಅದನ್ನು ಮಾಲೀಕರಿಗೆ ಮುಂಚೆಯೇ ತೋರಿಸಬೇಕು. ಹಳೆಯ ಕಾಂಕ್ರೀಟಿನ ನಡುವೆ ತೊಳೆದ ಜಾಗ ಬೆಳ್ಳಗೆ ಮಚ್ಚೆಯಂತೆ ಎದ್ದು ಕಾಣುತ್ತದೆ. ಗುತ್ತಿಗೆದಾರರು ಒಂದು ಮೂಲೆಯಲ್ಲಿ ತೊಳೆದು ತೋರಿಸಿದರು. ಕಲೆಯನ್ನಷ್ಟೇ ತೊಳೆಯುವ ಬದಲು ಗೆರೆಯಿಂದ ಗೆರೆಗೆ ಆ ಕಾರು ನಿಲ್ಲುವ ಇಡೀ ಪಟ್ಟಿಯನ್ನು ತೊಳೆದರೆ ಕಣ್ಣಿಗೆ ಚುಚ್ಚುವುದಿಲ್ಲವೆಂದು ಮಾಲೀಕರು ಒಪ್ಪಿದರು. ಮೇಲಿನ 960 ಗ್ಯಾಲನ್ ಲೆಕ್ಕ ಹಾಗೆ ತೊಳೆಯುವುದನ್ನು ಸೇರಿಸಿಯೇ ಹಾಕಿದ್ದು.

ಟ್ಯಾಂಕನ್ನು ಎಲ್ಲಿ ಇಡುವುದು

ಹೀರಿದ ನೀರು ತುಂಬಿಸಲು 275 ಗ್ಯಾಲನ್‌ನ ಮೂರು ಟೋಟ್ ಟ್ಯಾಂಕುಗಳು (ಚೌಕಟ್ಟಿನೊಳಗಿನ ಚೌಕಾಕಾರದ ಪ್ಲಾಸ್ಟಿಕ್ ಟ್ಯಾಂಕುಗಳು) ಸಾಕು. ಅವನ್ನು ತಾರಸಿಯಲ್ಲೇ ಇಟ್ಟುಕೊಳ್ಳುವುದು ಸುಲಭವೆನಿಸುತ್ತದೆ. ತುಂಬಿದ ಒಂದು ಟ್ಯಾಂಕಿನ ನೀರಿನ ತೂಕವೇ ಸುಮಾರು 1,040 ಕಿಲೋ, 2,300 ಪೌಂಡಿಗೆ ಹತ್ತಿರ. ಅದು ಕೂರುವ ಜಾಗ ಹದಿಮೂರು ಚದರ ಅಡಿ ಚಿಲ್ಲರೆ. ಚದರ ಅಡಿಗೆ 170 ಪೌಂಡಿನ ಆಸುಪಾಸು ಭಾರ ಬೀಳುತ್ತದೆ. ಅಮೆರಿಕದ ರಚನಾ ಮಾನದಂಡದಲ್ಲಿ ಕಾರುಗಳ ಪಾರ್ಕಿಂಗ್ ನೆಲವನ್ನು ಚದರ ಅಡಿಗೆ ಸರಾಸರಿ 40 ಪೌಂಡ್ ಬಳಕೆಭಾರಕ್ಕೆ ವಿನ್ಯಾಸಗೊಳಿಸುತ್ತಾರೆ. ಚಕ್ರದಂಥ ಬಿಂದುಭಾರಕ್ಕೆ 3,000 ಪೌಂಡಿನ ಪ್ರತ್ಯೇಕ ಲೆಕ್ಕವಿದೆ ನಿಜ, ಒಂದೇ ಟ್ಯಾಂಕಿಗೆ ನೆಲ ಕುಸಿಯದು. ಮೂರನ್ನು ಅಕ್ಕಪಕ್ಕ ಜೋಡಿಸಿಟ್ಟರೆ ಮಾತು ಬೇರೆ. ರಚನಾ ಇಂಜಿನಿಯರ್ ಒಪ್ಪದೆ ಮೇಲಿನ ಹಂತಗಳಲ್ಲಿ ತುಂಬಿದ ಟ್ಯಾಂಕ್ ಇಡಬಾರದು. ಸಕ್ಕಿಂಗ್ ಲಾರಿಯಂತೂ ಅಲ್ಲಿಯ ತಗ್ಗು ಸೂರಿನ ಕೆಳಗೆ ನುಗ್ಗಲಾರದು.

ಟ್ಯಾಂಕುಗಳನ್ನು ನೆಲಮಟ್ಟದಲ್ಲಿ, ತಡೆತೊಟ್ಟಿಯ ಪಕ್ಕದಲ್ಲಿಟ್ಟು, ಹೀರುಯಂತ್ರದ ಹೊರಹರಿವಿನ ಪೈಪನ್ನು ಮೆಟ್ಟಿಲುಬಾವಿಯ ಮೂಲಕ ಕೆಳಗಿಳಿಸಿದರು. ಪೈಪಿನ ಜೋಡಣೆಗಳ ಕೆಳಗೆಲ್ಲ ತಟ್ಟೆ ಇಟ್ಟರು. ಎರಡನೆಯ ಹಂತದ ಆ ತಪ್ಪು ಜಾಲರಿಗೆ ಗಾಳಿ ತುಂಬಿದ ರಬ್ಬರ್ ಬಿರಡೆ ಹಾಕಿ, ಸುತ್ತ ಒಡ್ಡು ಕಟ್ಟಿ, ನೀರು ಪಕ್ಕದ ಜಾಲರಿಯ ಕಡೆ ತಿರುಗುವಂತೆ ಮಾಡಿದರು. ಕೆಲಸ ಶುರುವಾಗುವ ಮೊದಲೇ ತಡೆತೊಟ್ಟಿಯನ್ನು ಖಾಲಿ ಮಾಡಿಸಿ ಸ್ವಚ್ಛಗೊಳಿಸಲು ಮಾಲೀಕರಿಗೆ ಹೇಳಿದ್ದರು, ಅದು ಮಾಲೀಕರ ಖರ್ಚು. ತುಂಬಿದ ತೊಟ್ಟಿಗೆ ಹೊಸ ನೀರು ಬಿಟ್ಟರೆ ಹಳೆಯ ಮರಳೂ ಎಣ್ಣೆಯೂ ಮೊದಲು ಹೊರಟುಹೋಗುತ್ತವೆ.

ಟ್ಯಾಂಕುಗಳು ತುಂಬಿದ ಮೇಲೆ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುಪದರ, ತಳದಲ್ಲಿ ಕಪ್ಪು ಕೆಸರು, ನಡುವೆ ಚಹಾ ಬಣ್ಣದ ನೀರು. ಎಣ್ಣೆ ಹೀರುವ ಸುರುಳಿಯಿಂದ ಮೇಲಿನ ಪದರ ತೆಗೆದು, ಪ್ರತಿ ಟ್ಯಾಂಕಿನ ಪಿಎಚ್ ಅಳೆದು ಪುಸ್ತಕದಲ್ಲಿ ಬರೆದು, ನಡುವಿನ ನೀರನ್ನು ಸೋಸು ಚೀಲದ ಮೂಲಕ ನಿಮಿಷಕ್ಕೆ 10 ಗ್ಯಾಲನ್ ಮೀರದಂತೆ ತೊಟ್ಟಿಗೆ ಬಿಟ್ಟರು. 800 ಗ್ಯಾಲನ್ ಇಳಿಯಲು ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಪಂಪನ್ನು ಪೂರ್ತಿ ವೇಗದಲ್ಲಿ ಬಿಟ್ಟು ಕಾಲು ಗಂಟೆಯಲ್ಲಿ ಮುಗಿಸುವ ಆಸೆ ಯಾರಿಗಾದರೂ ಆಗುತ್ತದೆ. ಹಾಗೆ ಮಾಡಿದರೆ ತೊಟ್ಟಿಯಲ್ಲಿ ಎಣ್ಣೆ ತೇಲಲು, ಮರಳು ಕೂರಲು ಹೊತ್ತೇ ಸಿಗುವುದಿಲ್ಲ.

ಕೆಸರು ಮತ್ತು ಕಡತ

ಕೆಸರನ್ನು ಪರೀಕ್ಷೆಗೆ ಕಳುಹಿಸಲು ಒಂದು ನಿರ್ದಿಷ್ಟ ಕಾರಣವಿತ್ತು. ತಾರಸಿಯ ಹಳದಿ ಗೆರೆಗಳು ಹಳೆಯವು, ಒತ್ತಡದ ನೀರಿಗೆ ಚಕ್ಕೆಯಾಗಿ ಎದ್ದಿದ್ದವು. ಹಳೆಯ ಹಳದಿ ರಸ್ತೆಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಬಳಸುತ್ತಿದ್ದರು. ಕೆಸರಿನಿಂದ ಎಷ್ಟು ಸೀಸ ದ್ರವಕ್ಕೆ ಬಿಟ್ಟುಕೊಳ್ಳುತ್ತದೆ ಎಂದು ನೋಡುವ ನಿಗದಿತ ಪರೀಕ್ಷೆಯಲ್ಲಿ ಲೀಟರಿಗೆ 5 ಮಿಲಿಗ್ರಾಂ ಅಥವಾ ಹೆಚ್ಚು ಸೀಸ ಬಂದರೆ ಆ ಕೆಸರು ಅಪಾಯಕಾರಿ ತ್ಯಾಜ್ಯವಾಗುತ್ತದೆ. ಆಗ 300 ಡಾಲರಿನ ಡ್ರಮ್ಮಿಗೆ ಅದರ ಹಲವು ಪಟ್ಟು ತೆರಬೇಕು. ಫಲಿತಾಂಶ ಬರುವವರೆಗೆ ಡ್ರಮ್ಮಿಗೆ ಮುಚ್ಚಳ ಬಿಗಿದು, ದಿನಾಂಕ ಬರೆದ ಚೀಟಿ ಅಂಟಿಸಿ, ಸೂರಿನ ಕೆಳಗೆ ಇರಿಸಿದರು. ಫಲಿತಾಂಶ ಮಿತಿಯೊಳಗೆ ಬಂತು.

ತ್ಯಾಜ್ಯ ಯಾರದು ಎಂಬುದನ್ನು ಒಪ್ಪಂದದಲ್ಲೇ ಬರೆದುಕೊಂಡಿದ್ದರು. ಎಣ್ಣೆಯೂ ಬಣ್ಣವೂ ಕಟ್ಟಡದ್ದು, ಅದನ್ನು ಎಬ್ಬಿಸಿದ್ದು ಗುತ್ತಿಗೆದಾರರು. ಬರೆದಿಡದೆ ಹೋದರೆ ಇಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸಬಹುದು. ಇಲ್ಲಿ ಕೆಸರಿನ ಉತ್ಪಾದಕರಾಗಿ ಸಹಿ ಹಾಕುವವರು ಮಾಲೀಕರು, ಪರೀಕ್ಷೆ ಮಾಡಿಸಿ ಸಾಗಿಸುವ ಹೊಣೆ ಗುತ್ತಿಗೆದಾರರದು, ಮಿತಿ ಮೀರಿದರೆ ಹೆಚ್ಚುವರಿ ಖರ್ಚು ಮಾಲೀಕರದು. ಈ ಕೊನೆಯ ಷರತ್ತು ಇಲ್ಲದೆ ಹಳೆಯ ಬಣ್ಣದ ಕಟ್ಟಡಕ್ಕೆ ಯಾವ ಗುತ್ತಿಗೆದಾರರೂ ಸ್ಥಿರ ದರ ಒಪ್ಪಬಾರದು ಎಂಬುದು ನನ್ನ ಸಲಹೆ.

ಕೆಲಸ ಮುಗಿದಾಗ ಮಾಲೀಕರಿಗೆ ಕೊಟ್ಟ ಕಡತದಲ್ಲಿ ನಗರದ ಇಮೇಲ್, ಮಂಡಳಿಯ ಅನುಮತಿಪತ್ರ, ಬಣ್ಣದ ಪರೀಕ್ಷೆಯ ಗುರುತು ಹಾಕಿದ ನಕ್ಷೆ, ಮುಚ್ಚಿದ ಜಾಲರಿಗಳ ಫೋಟೋಗಳು, ಪಿಎಚ್ ಅಳತೆ, ಬಿಟ್ಟ ಗ್ಯಾಲನ್‌ಗಳ ಲೆಕ್ಕ, ಪ್ರಯೋಗಾಲಯದ ವರದಿ ಮತ್ತು ಡ್ರಮ್ ಸಾಗಿಸಿದ ರಸೀದಿ ಇದ್ದವು. ಎರಡನೆಯ ಹಂತದ ಆ ಜಾಲರಿಯ ಜೋಡಣೆಯನ್ನು ಸರಿಪಡಿಸಲು ಕೊಳಾಯಿ ಕೆಲಸದ ಪರವಾನಗಿ ಬೇಕು. ಇಳಿಜಾರಿನ ಮಳೆನೀರನ್ನು ಬೇರೆಡೆ ತಿರುಗಿಸದೆ ಅದನ್ನು ಒಳಚರಂಡಿಗೆ ಸೇರಿಸಲು ಮಂಡಳಿ ಒಪ್ಪುವುದಿಲ್ಲ. ಮಾಲೀಕರು ಅದಕ್ಕೆ ಅರ್ಜಿ ಹಾಕಿದ್ದಾರೆ. ಅಲ್ಲಿಯವರೆಗೆ ತೊಳೆಯುವಾಗಲೆಲ್ಲ ಅದಕ್ಕೆ ಬಿರಡೆ ಹಾಕಬೇಕೆಂಬ ಷರತ್ತನ್ನು ಕಟ್ಟಡದ ನಿರ್ವಹಣಾ ಪಟ್ಟಿಯಲ್ಲಿ ಸೇರಿಸಲಾಗಿದೆ.